ನಡುವಿನ ಸ್ಕ್ರೂ

ಜೂನ್ 3, ಸೋಮವಾರ

ಮೇಸ್ತ್ರಿ ಒಂದು ಪುಸ್ತಕ ಕೊಟ್ಟಿದ್ದಾಳೆ. ದಿನಾ ಮಾಡಿದ ಕೆಲಸವನ್ನು ಅದರಲ್ಲಿ ಬರೆಯಬೇಕು, ಅವಳು ನೋಡಿ ಸಹಿ ಹಾಕುತ್ತಾಳೆ. ಇದು ಬೇರೆ ಪುಸ್ತಕ. ಬೈಸಿಕೊಂಡದ್ದನ್ನೆಲ್ಲ ಬರೆದಿಡಲು ನಾನೇ ತಂದದ್ದು. ಮೊದಲ ದಿನವನ್ನು ನೋಡಿದರೆ ಇದೇ ಬೇಗ ತುಂಬುವ ಹಾಗಿದೆ.

ನಲವತ್ತನಾಲ್ಕನೇ ವಯಸ್ಸಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಹೊರಟಿದ್ದೇನೆ. ಬರೆದು ನೋಡಿದರೂ ನಗು ಬರುತ್ತದೆ. ಹತ್ತೊಂಬತ್ತು ವರ್ಷ ಬಟ್ಟೆ ಒಗೆಯುವ ಮೆಷಿನ್ ಕಂಪನಿಯೊಂದರಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಜನರ ದೂರು ಕೇಳಿದವಳು ನಾನು. ಮಾರ್ಚಿನಲ್ಲಿ ನಮ್ಮ ವಿಭಾಗ ಮುಚ್ಚಿತು. ಈಗ ಅಲ್ಲಿ ಯಂತ್ರದ ದನಿಯೊಂದು ದೂರು ಕೇಳುತ್ತದಂತೆ. ಹೆಡ್‌ಫೋನ್ ವಾಪಸು ಕೊಡಲು ಹೋದ ದಿನ, ಒಬ್ಬ ಹೆಂಗಸು ಏಣಿಯ ಮೇಲೆ ನಿಂತು ನಮ್ಮ ಕೋಣೆಯ ವೈರುಗಳನ್ನು ಬಿಚ್ಚುತ್ತಿದ್ದಳು. ಅದು ಎಲ್ಲಿಗೆ ಹೋಗುತ್ತದೆ, ಇದು ಎಲ್ಲಿಂದ ಬರುತ್ತದೆ ಎಂದು ಕೇಳುತ್ತ ಒಂದು ಗಂಟೆ ಏಣಿಯ ಬುಡದಲ್ಲೇ ನಿಂತುಬಿಟ್ಟೆ. ಕೊನೆಗೆ ಅವಳು, "ಅಕ್ಕಾ, ಇಷ್ಟು ಪ್ರಶ್ನೆ ಕೇಳೋ ಬದಲು ಕೆಲ್ಸಕ್ಕೇ ಬಂದ್ಬಿಡಿ" ಎಂದಳು. ತಮಾಷೆಗೆ ಹೇಳಿದ್ದಳೋ ಏನೋ. ನಾನು ಹೋಗಿಬಿಟ್ಟೆ.

ಅವಳಿಗೆ ಮೂವತ್ತೆರಡು ವಯಸ್ಸು. ಅಪ್ಪನಿಂದ ಕಲಿತ ಕೆಲಸ, ಅಪ್ಪನಿಂದ ಬಂದ ವ್ಯಾನು. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಾರೆ. ನಾನು ಹನ್ನೆರಡು ವರ್ಷ ದೊಡ್ಡವಳಾದ್ದರಿಂದ ಬೈಯುವಾಗಲೂ "ಅಕ್ಕಾ" ಎನ್ನುತ್ತಾಳೆ. "ಅಕ್ಕಾ, ಕಣ್ಣು ಎಲ್ಲಿಟ್ಕೊಂಡಿದ್ದೀರಿ?" ಬೈಗುಳಕ್ಕೂ ಬಹುವಚನ. ಎದುರಿಗೆ ನಾನೂ "ನೀವು" ಎನ್ನುತ್ತೇನೆ. ಇಲ್ಲಿ ಮಾತ್ರ ಅವಳು, ಇವಳು. ನನ್ನ ಪುಸ್ತಕ, ನನ್ನ ಇಷ್ಟ.

ಮೂರು ತಿಂಗಳು ನೋಡುತ್ತಾಳಂತೆ. ಒಪ್ಪಿಗೆಯಾದರೆ ಆಗಸ್ಟ್ ಕೊನೆಗೆ ನೋಂದಣಿ ಫಾರಮ್ಮಿಗೆ ಸಹಿ ಹಾಕುತ್ತಾಳೆ, ಆಮೇಲೆ ಎರಡು ವರ್ಷದ ಕಲಿಕೆ. ಒಪ್ಪಿಗೆಯಾಗದಿದ್ದರೆ ಮನೆಗೆ. ವ್ಯಾನು ಹತ್ತುವ ಮೊದಲೇ ಒಂದು ಮಾತು ಹೇಳಿದಳು: "ತಪ್ಪು ಮಾಡಿದ್ರೆ ಬಂದು ಹೇಳಿ, ಬೈತೀನಿ. ಮುಚ್ಚಿಟ್ರೆ ಬೈಯಲ್ಲ ಅಕ್ಕಾ, ಅವತ್ತೇ ಕಳಿಸ್ಬಿಡ್ತೀನಿ."

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕೈಕಾಲೆಲ್ಲ ಇದೆಯಾ?" ಎಂದು ಕೇಳಿದರು. ಇದೆ ಎಂದೆ. "ನಾಳೆ ನೋಡೋಣ" ಎಂದು ಒಳಗೆ ಹೋದರು.

ಜೂನ್ 4, ಮಂಗಳವಾರ

ಇವತ್ತು ಹನ್ನೊಂದು ಸಲ "ಕ್ಷಮಿಸಿ" ಎಂದೆನಂತೆ. ಎಣಿಸಿದ್ದು ಮೇಸ್ತ್ರಿ. ಅದರಲ್ಲಿ ಎರಡು ಸಲ ಏಣಿಗೆ, ಒಂದು ಸಲ ಗೋಡೆಗೆ.

"ಗೋಡೆ ಏನಂತು?" ಎಂದು ಕೇಳಿದಳು.

ಏನು ಮಾಡಲಿ, ಹತ್ತೊಂಬತ್ತು ವರ್ಷದ ಅಭ್ಯಾಸ. "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ದಿನಕ್ಕೆ ಎಂಬತ್ತು ಸಲ ಹೇಳಿದ ಬಾಯಿ ಇದು. ವಿಷಾದಿಸಬಹುದಿತ್ತು, ಆದರೆ "ತಪ್ಪು" ಎಂಬ ಮಾತು ಬಾಯಿಂದ ಬೀಳುವಂತಿರಲಿಲ್ಲ. ಆಡಬಾರದ ಮಾತುಗಳ ಪಟ್ಟಿಯೊಂದನ್ನು ಮೇಜಿಗೆ ಅಂಟಿಸಿದ್ದರು, ಅದರಲ್ಲಿ ಮೊದಲನೆಯದೇ ಅದು. ಯಾರದೋ ಮನೆಯ ಮೆಷಿನ್ನು ನೆಲದ ತುಂಬ ನೀರು ಕಾರುತ್ತಿದ್ದರೂ ತಪ್ಪು ಯಾರದೂ ಅಲ್ಲ, ಅನಾನುಕೂಲ ಮಾತ್ರ ಆಗಿದೆ. ಅಷ್ಟು ವರ್ಷದಲ್ಲಿ ಒಂದೇ ಒಂದು ಮೆಷಿನ್ ಸರಿಹೋದದ್ದನ್ನು ನಾನು ಕಣ್ಣಾರೆ ಕಂಡಿಲ್ಲ.

ಜೂನ್ 6, ಗುರುವಾರ

ತೋಳು ಎತ್ತಲಾಗುತ್ತಿಲ್ಲ. ತಲೆ ಬಾಚಿದ್ದು ಇವರು, ನನ್ನ ಗಂಡ. ನಾಳೆ ಬರೆಯುತ್ತೇನೆ.

ಜೂನ್ 15, ಶನಿವಾರ

"ನಾಳೆ" ಎಂದು ಬರೆದು ಒಂಬತ್ತು ದಿನವಾಯಿತು. ಪರವಾಗಿಲ್ಲ, ಕಾಯುವವರು ಯಾರೂ ಇಲ್ಲ.

ಇವತ್ತು ಮೊದಲ ಬಾರಿಗೆ ಗೋಡೆಯೊಳಗಿನ ಪೈಪಿನಲ್ಲಿ ವೈರು ಎಳೆದೆ. ಒಂದು ತುದಿಯಲ್ಲಿ ಮೇಸ್ತ್ರಿ ತಳ್ಳುತ್ತಾಳೆ, ಇನ್ನೊಂದು ತುದಿಯಲ್ಲಿ ನಾನು ಎಳೆಯಬೇಕು. ತುಂಬಾ ಎಳೆದರೆ ತುಂಡಾಗುತ್ತದೆ, ಎಳೆಯದಿದ್ದರೆ ಬರುವುದಿಲ್ಲ. ಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡಿತು. ನಾನು ಬೆವರಿ ನೀರಾಗಿ, ಅದನ್ನು ಬೇಡಿಕೊಂಡು, ಮುದ್ದು ಮಾಡಿ, ಕೊನೆಗೆ ಎರಡು ಮಾತು ಬೈದೆ. ತಟ್ಟನೆ ಸಡಿಲವಾಗಿ, ಗೋಡೆಯ ಡಬ್ಬಿಯೊಳಗಿಂದ ಕೆಂಪು ವೈರಿನ ಮೂತಿ ಹೊರಗೆ ಬಂತು. "ಬಂತು!" ಎಂದು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಬಣ್ಣದವರು ಬ್ರಷ್ಷು ಹಿಡಿದೇ ಓಡಿಬಂದರು. ಮಗು ಹುಟ್ಟಿತೇನೋ ಎಂದುಕೊಂಡರಂತೆ.

ಇವರು ಟೈಲರ್. ಗಂಡ ಟೈಲರ್ ಆಗಿದ್ದಕ್ಕೆ ಇವತ್ತು ನಿಜವಾದ ಲಾಭವಾಯಿತು. ನನ್ನ ಸಾಮಾನುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿಸಿ, ಒಂದೊಂದನ್ನೂ ಟೇಪು ಹಿಡಿದು ಅಳೆದು, ಒಂದೊಂದಕ್ಕೂ ಒಂದು ಜೇಬಿರುವ ಪ್ಯಾಂಟು ಹೊಲಿದುಕೊಟ್ಟರು. ಒಟ್ಟು ಹದಿನಾಲ್ಕು ಜೇಬು. ಹದಿಮೂರಕ್ಕೆ ಸಾಮಾನು ಇದೆ.

"ಇನ್ನೊಂದು ಯಾತಕ್ಕೆ?" ಎಂದೆ.

"ಸುಮ್ನೆ. ಕೈ ಇಟ್ಕೊಂಡು ನಿಂತ್ಕೊಳ್ಳೋಕೆ."

ಹಾಗೆ ಕೈ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಚೆನ್ನಾಗಿಯೇ ಕಾಣುತ್ತೇನೆ. ಅತ್ತೆ ಹಿಂದಿನಿಂದ, "ಕಾಂಗರೂ" ಎಂದರು.

ಜೂನ್ 28, ಶುಕ್ರವಾರ

ಕರೆಂಟು ಹೊಡೆಯಿತೇ ಎಂದು ಅತ್ತೆ ದಿನಾ ಕೇಳುತ್ತಾರೆ. ಇಲ್ಲ ಎಂದರೆ ಸಮಾಧಾನವೂ ಆಗುತ್ತದೆ, ಸ್ವಲ್ಪ ನಿರಾಸೆಯೂ ಆಗುತ್ತದೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಹೊಡೆಯದಿರಲು ಕಾರಣ ಮೇಸ್ತ್ರಿಯ ಮೂರು ಸಲದ ಪಾಠ. ಮೇನ್ ಆಫ್ ಮಾಡಿದ ಮೇಲೂ ನಂಬುವಂತಿಲ್ಲ. ಮೊದಲು ಕರೆಂಟು ಇದ್ದೇ ಇರುವ ಕಡೆ ಟೆಸ್ಟರ್ ಇಟ್ಟು ಅದು ಉರಿಯುತ್ತದೆಯೇ ನೋಡಬೇಕು. ಆಮೇಲೆ ನಾವು ಮುಟ್ಟುವ ವೈರಿಗೆ ಇಡಬೇಕು. ಮತ್ತೆ ಹಿಂದಕ್ಕೆ ಹೋಗಿ, ಕರೆಂಟು ಇರುವ ಕಡೆ ಇನ್ನೊಮ್ಮೆ ಇಟ್ಟು, ನಡುವೆ ಟೆಸ್ಟರೇ ಕೆಟ್ಟುಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. "ವೈರ್ ಸುಳ್ಳು ಹೇಳಲ್ಲ ಅಕ್ಕಾ. ಟೆಸ್ಟರ್ ಹೇಳುತ್ತೆ. ಅದಕ್ಕಿಂತ ಜಾಸ್ತಿ ನಮ್ಮ ತಲೆ ಹೇಳುತ್ತೆ."

ಈಗ ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ನೋಡುತ್ತೇನೆ. ಇವರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಾರೆ.

ಜುಲೈ 9, ಮಂಗಳವಾರ

ಬಸ್ಸಿನಲ್ಲಿ ಕೂತರೆ ಊರು ಬೇರೆಯಾಗಿಯೇ ಕಾಣುತ್ತದೆ. ಮೊದಲು ಕಿಟಕಿ, ಬಾಗಿಲು, ಅಂಗಡಿಯ ಬೋರ್ಡು ನೋಡುತ್ತಿದ್ದೆ. ಈಗ ಕಣ್ಣು ಸೀದಾ ಮೀಟರಿನ ಡಬ್ಬಿಗೆ ಹೋಗುತ್ತದೆ. ಇವತ್ತು ಯಾರದೋ ಮನೆಯ ಗೋಡೆಯ ಮೇಲೆ ಅಚ್ಚುಕಟ್ಟಾಗಿ, ಗೆರೆ ಎಳೆದ ಹಾಗೆ ಹೋದ ಪೈಪು ಕಂಡು "ಆಹಾ" ಎಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದವರು ಜಾಗ ಬದಲಾಯಿಸಿದರು.

ಜುಲೈ 22, ಸೋಮವಾರ

ಇವತ್ತು ಒಂದು ಇಡೀ ಕೆಲಸ ನಾನೊಬ್ಬಳೇ ಮಾಡಿದೆ! ಇಡೀ ಎಂದರೆ ಮೆಟ್ಟಿಲ ದೀಪ. ಸಣ್ಣದೇ ಇರಬಹುದು, ಆದರೆ ಮೊದಲ ಸ್ಕ್ರೂವಿನಿಂದ ಕೊನೆಯ ಸ್ಕ್ರೂವಿನವರೆಗೆ ಮೇಸ್ತ್ರಿ ಕೈ ಹಚ್ಚಲಿಲ್ಲ.

ಇಬ್ಬರು ಮುದುಕರ ಮನೆ. ಅಜ್ಜಿಗೆ ಮಂಡಿನೋವು, ಆದರೂ ಮಲಗುವುದು ಮಹಡಿಯಲ್ಲೇ. ಯಾಕೆಂದರೆ ಗಾಳಿ ಅಲ್ಲೇ ಚೆನ್ನಾಗಿ ಬರುತ್ತದಂತೆ. ಮೆಟ್ಟಿಲಿಗೆ ಇದ್ದದ್ದು ಕೆಳಗೊಂದೇ ಸ್ವಿಚ್ಚು, ಮೇಲಿನಿಂದ ಇಳಿಯುವಾಗ ಕತ್ತಲು. ಅದಕ್ಕೇ ಕೆಳಗೂ ಮೇಲೂ ಟೂ ವೇ ಸ್ವಿಚ್ಚು ಹಾಕಿಕೊಡಿ ಎಂದು ಕರೆದಿದ್ದರು. ಎರಡರಲ್ಲಿ ಯಾವುದನ್ನು ಒತ್ತಿದರೂ ದೀಪ ಹತ್ತಬೇಕು, ಯಾವುದನ್ನು ಒತ್ತಿದರೂ ಆರಬೇಕು.

ಮೇಸ್ತ್ರಿ ಹಿಂದೆ ಕಲಿಸಿದ್ದಳು: ಈ ಸ್ವಿಚ್ಚಿನ ಬೆನ್ನಿಗೆ ಮೂರು ಸ್ಕ್ರೂ ಇರುತ್ತದೆ, ಒಂದು ಮುಖ್ಯದ್ದು, ಉಳಿದೆರಡು ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಓಡಾಡುವ ವೈರುಗಳದ್ದು. ನಡುವಿನದೇ ಮುಖ್ಯದ್ದು. ಮೇಸ್ತ್ರಿ ಹಿತ್ತಲಲ್ಲಿ ಪಂಪು ನೋಡುತ್ತಿದ್ದಳು. ನಾನು ಹಾಡು ಗುನುಗುತ್ತ ಎರಡೂ ಸ್ವಿಚ್ಚು ಕಟ್ಟಿದೆ. ಕೆಳಗೆ ಒತ್ತಿದೆ, ಹತ್ತಿತು. ಮೇಲೆ ಹೋಗಿ ಒತ್ತಿದೆ, ಆರಿತು. ಮತ್ತೆ ಒತ್ತಿದೆ, ಹತ್ತಿತು. ಕೆಳಗೆ ಬಂದು ಆರಿಸಿದೆ. ಮೇಸ್ತ್ರಿಯೂ ಬಂದು ಕೆಳಗೆ ಹಾಕಿ, ಮೇಲೆ ಆರಿಸಿ, "ಆಯ್ತು, ಸಾಮಾನು ತುಂಬ್ಕೊಳ್ಳಿ" ಎಂದಳು. ಅವಳ ಬಾಯಲ್ಲಿ ಇದು ದೊಡ್ಡ ಹೊಗಳಿಕೆ.

ಆ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಹೆಣ್ಮಗಳು ಮಾಡಿದ್ದು, ನೋಡು ಎಷ್ಟು ನೀಟಾಗಿದೆ" ಎಂದು ಅಜ್ಜನಿಗೆ ತೋರಿಸಿದರು. ಮನೆಗೆ ಬರುವವರೆಗೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಆಗಸ್ಟ್ 3, ಶನಿವಾರ

ಹಳೆಯ ಆಫೀಸಿನಿಂದ ಫೋನು. ನಮ್ಮ ಮೇಲ್ವಿಚಾರಕಿ. ಯಂತ್ರದ ದನಿಯ ಮೇಲೆ ಜನ ಎಷ್ಟು ಕೂಗಾಡುತ್ತಿದ್ದಾರೆಂದರೆ, ಕಂಪನಿ ಮತ್ತೆ ಆರು ಜನರನ್ನು ಕರೆಸಿಕೊಳ್ಳುತ್ತಿದೆಯಂತೆ. ಆರರಲ್ಲಿ ಮೊದಲ ಹೆಸರು ನನ್ನದು. ಅದೇ ಮೇಜು, ಅದೇ ಕುರ್ಚಿ. ಸೋಮವಾರ ಹನ್ನೆರಡನೇ ತಾರೀಖಿನೊಳಗೆ ಹೇಳಬೇಕು.

ಇವತ್ತು ನಾನು ಮೂರು ಗಂಟೆ ಕಾಲ ಸೂರಿನ ಕೆಳಗೆ ಕತ್ತು ಎತ್ತಿಕೊಂಡೇ ಇದ್ದವಳು. ಕುರ್ಚಿ ಎಂಬ ಮಾತು ಕೇಳಿ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅತ್ತೆ, "ನೆರಳಲ್ಲಿ ಕೂತು ಮಾತಾಡೋ ಕೆಲ್ಸ. ಮಾತಾಡೋದಂತೂ ನಿಂಗೆ ಹೇಳ್ಕೊಡ್ಬೇಕಾಗಿಲ್ಲ" ಎಂದರು. ಇವರು ಸೂಜಿಗೆ ದಾರ ಹಾಕುತ್ತ, "ನೀನು ಯಾವುದಕ್ಕೆ ಹೋದ್ರೂ ನಂಗೆ ಸರಿ. ಆದ್ರೆ ಈ ಎರಡು ತಿಂಗ್ಳಲ್ಲಿ ನೀನು ಊಟಕ್ಕೆ ಕೂತಾಗ ಸಪ್ಪಗಿದ್ದದ್ದನ್ನ ನಾನು ನೋಡಿಲ್ಲ" ಎಂದರು. ಸಪ್ಪಗಿರಲು ಪುರುಸೊತ್ತು ಎಲ್ಲಿದೆ? ಅಷ್ಟು ಹಸಿವಾಗುತ್ತದೆ.

ಮೇಸ್ತ್ರಿ ಸಹಿ ಹಾಕುತ್ತಾಳೋ ಇಲ್ಲವೋ ಯಾರಿಗೆ ಗೊತ್ತು. ಹಾಕದಿದ್ದರೆ ಎರಡೂ ಹೋಯಿತು. ಯೋಚಿಸಬೇಕು.

ಆಗಸ್ಟ್ 11, ಭಾನುವಾರ

ಬಸ್ಸಿಳಿದು ಬಂದವಳೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಬೆಳಿಗ್ಗೆ ತಿಂಡಿಯಾದ ಮೇಲೆ ಅಭ್ಯಾಸಕ್ಕೆಂದು ಒಂದು ಹಲಗೆಯ ಮೇಲೆ ಎರಡು ಟೂ ವೇ ಸ್ವಿಚ್ಚು, ಒಂದು ಬಲ್ಬು ಕೂರಿಸಿದೆ. ಸ್ವಿಚ್ಚುಗಳು ಆ ಮೆಟ್ಟಿಲ ಮನೆಯ ಪೆಟ್ಟಿಗೆಯಲ್ಲಿ ಉಳಿದವು. ಇಟ್ಟುಕೊಳ್ಳಿ ಎಂದು ಅಜ್ಜ ಕೊಟ್ಟಿದ್ದರು. ಊಟದ ಮೇಜಿನ ಒಂದು ತುದಿಗೆ ಒಂದು ಸ್ವಿಚ್ಚು, ಇನ್ನೊಂದು ತುದಿಗೆ ಇನ್ನೊಂದು. ಇವರು ಒಂದು ಕಡೆ ಕೂತರು. ಮುಟ್ಟುವುದಿಲ್ಲ, ಮುಟ್ಟುವುದೇ ಇಲ್ಲ ಎನ್ನುತ್ತಿದ್ದ ಅತ್ತೆ, ಮಗ ಒತ್ತುವುದನ್ನು ನೋಡಿ ತಡೆಯಲಾರದೆ ಇನ್ನೊಂದು ಕಡೆ ಕೂತರು. ಶುರುವಾಯಿತು ಆಟ. ಒಂದು ಸಲ ಇವರು ಆರಿಸಿ ಹತ್ತಿಸುವುದು, ಒಂದು ಸಲ ಅತ್ತೆ ಆರಿಸಿ ಹತ್ತಿಸುವುದು. ನಗು ತಡೆಯಲಾಗದೆ ನಾನು ಗೋಡೆಗೆ ಒರಗಿದ್ದೆ.

ಅಷ್ಟರಲ್ಲಿ ಅತ್ತೆ ಆರಿಸಿದ ಮೇಲೆ ಇವರು ಒತ್ತಿದರು. ಹತ್ತಲಿಲ್ಲ. ಅತ್ತೆ ಒತ್ತಿದರು. ಹತ್ತಲಿಲ್ಲ. "ನೀನು ಸರಿಯಾಗಿ ಒತ್ತೋ" ಎಂದು ಮಗನನ್ನು ಗದರಿಸಿದರು. ಇವರು ಮತ್ತೆ ಒತ್ತಿದರೆ ಹತ್ತಿತು. ಎರಡು ನಿಮಿಷದಲ್ಲಿ ಮತ್ತೆ ಹಾಗೇ ಆಯಿತು.

"ಇದೇನೇ ಇದು, ಇವ್ನು ಒಪ್ಪಿದ್ರೆ ಮಾತ್ರ ನಂದು ಕೆಲ್ಸ ಮಾಡುತ್ತೆ, ಇಲ್ಲಾಂದ್ರೆ ಇಲ್ಲ!" ಎಂದರು ಅತ್ತೆ.

ಸ್ವಿಚ್ಚು ಬಿಚ್ಚಿ, ಕನ್ನಡಕ ಹಾಕಿಕೊಂಡು ಅದರ ಬೆನ್ನು ನೋಡಿದೆ. ಪಕ್ಕದ ಸ್ಕ್ರೂವಿನ ಹತ್ತಿರ ಸಾಸಿವೆಯಷ್ಟು ಚಿಕ್ಕ ಬಾಣದ ಗುರುತು. ಬೇರೆ ಕಂಪನಿಯ ಈ ಸ್ವಿಚ್ಚಿನಲ್ಲಿ ಮುಖ್ಯದ್ದು ಪಕ್ಕದ್ದು. ನಾನು ನಡುವಿನದಕ್ಕೆ ಕೊಟ್ಟಿದ್ದೆ. ಅಭ್ಯಾಸಬಲದಿಂದ ಕೈ ಅಲ್ಲಿಗೇ ಹೋಗಿತ್ತು.

ಮೆಟ್ಟಿಲ ಮನೆಯಲ್ಲೂ ಹಾಗೇ ಹೋಗಿತ್ತು.

ನಾನು ಪರೀಕ್ಷೆ ಮಾಡಿದ ಕ್ರಮದಲ್ಲಿ ಒತ್ತಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಜನ ಒತ್ತುವುದು ಹಾಗಲ್ಲ. ರಾತ್ರಿ ಕೆಳಗೆ ಹಾಕಿ ಮೆಟ್ಟಿಲು ಹತ್ತುತ್ತಾರೆ, ಮೇಲೆ ಆರಿಸಿ ಮಲಗುತ್ತಾರೆ. ಆಮೇಲೆ ಯಾರಾದರೂ ಕೆಳಗಿನಿಂದ ಹತ್ತಿಸಲು ಹೋದರೆ ದೀಪ ಹತ್ತುವುದಿಲ್ಲ. ಮಂಡಿನೋವಿನ ಅಜ್ಜಿ ಇಪ್ಪತ್ತು ದಿನದಿಂದ ಕತ್ತಲಲ್ಲಿ ಮೆಟ್ಟಿಲು ತಡಕುತ್ತಿರಬಹುದು.

ಮೇಸ್ತ್ರಿಗೆ ನಾಲ್ಕು ಸಲ ಫೋನು ಮಾಡಿದೆ. ಭಾನುವಾರ ಅವಳು ಫೋನು ಎತ್ತುವುದಿಲ್ಲ. ಆ ಮನೆಯ ನಂಬರು ಅವಳ ಹತ್ತಿರ ಮಾತ್ರ ಇದೆ. ತಡೆಯಲಾಗದೆ ಬಸ್ಸು ಹತ್ತಿ ಅವರ ಮನೆಗೇ ಹೋದೆ. ಬೀಗ ಹಾಕಿತ್ತು. ಇಬ್ಬರೂ ಮಗಳ ಮನೆಗೆ ಹೋಗಿದ್ದಾರೆ, ನಾಳೆ ಬೆಳಿಗ್ಗೆ ಬರುತ್ತಾರೆ, ಚೆನ್ನಾಗಿಯೇ ಇದ್ದಾರೆ ಎಂದು ಪಕ್ಕದವರು ಹೇಳಿದರು. ಚೆನ್ನಾಗಿಯೇ ಇದ್ದಾರೆ ಎಂದದ್ದನ್ನು ಎರಡು ಸಲ ಹೇಳಿಸಿಕೊಂಡೆ.

ಒಂದು ವಿಷಯವನ್ನು ಬರೆಯಲೋ ಬೇಡವೋ ಎನಿಸುತ್ತಿದೆ. ಬರೆಯುತ್ತೇನೆ, ಇದು ನನ್ನ ಪುಸ್ತಕ ತಾನೇ. ಬಸ್ಸಿನಲ್ಲಿ ವಾಪಸು ಬರುವಾಗ ಹೀಗೊಂದು ಯೋಚನೆ ಬಂತು: ನಾಳೆ ಆಫೀಸಿಗೆ "ಬರುತ್ತೇನೆ" ಎಂದುಬಿಟ್ಟರೆ ಮುಗಿಯಿತಲ್ಲ. ಯಾರೂ ದೂರು ಕೊಟ್ಟಿಲ್ಲ, ಮೇಸ್ತ್ರಿಯೂ ನೋಡಿ ಸರಿ ಎಂದಿದ್ದಾಳೆ. ಬೈಯಿಸಿಕೊಳ್ಳುವುದೂ ಇಲ್ಲ, ಮನೆಗೆ ಕಳಿಸಿಕೊಳ್ಳುವುದೂ ಇಲ್ಲ. ಎರಡು ನಿಲ್ದಾಣದವರೆಗೆ ಆ ಯೋಚನೆ ತಲೆಯಲ್ಲಿ ಕೂತಿತ್ತು. ಆಮೇಲೆ ಆ ಅಜ್ಜಿ ನನ್ನ ಕೈ ಹಿಡಿದದ್ದು ನೆನಪಾಗಿ ನನ್ನ ಮೇಲೇ ನನಗೆ ಸಿಟ್ಟು ಬಂತು.

ಆಗಸ್ಟ್ 12, ಸೋಮವಾರ

ಬೆಳಿಗ್ಗೆ ಏಳಕ್ಕೇ ಹೋಗಿ ವ್ಯಾನಿನ ಹತ್ತಿರ ನಿಂತೆ. ಮೇಸ್ತ್ರಿ ಟೀ ಲೋಟ ಹಿಡಿದು ಬಂದರು.

"ಮೇಸ್ತ್ರಿ, ಒಂದು ತಪ್ಪಾಗಿದೆ."

"ತಾನಾಗೇ ಆಯ್ತಾ?"

"ಇಲ್ಲ. ನಾನು ಮಾಡಿದ್ದು."

ಹೇಳಿದೆ. ಆಫೀಸಿನ ಪಟ್ಟಿಯ ಮೊದಲನೆಯ ಮಾತನ್ನು ಇಷ್ಟು ಸಲೀಸಾಗಿ ಆಡಿಬಿಟ್ಟೆ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ಅದೆಲ್ಲ ತಲೆಯಲ್ಲಿರಲಿಲ್ಲ. ಬಾಣದ ಗುರುತು, ನಡುವಿನ ಸ್ಕ್ರೂ, ಯಾವ ಕ್ರಮದಲ್ಲಿ ಒತ್ತಿದರೆ ಹತ್ತುವುದಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಸಾಕ್ಷಿಗೆ ಹಲಗೆಯನ್ನೂ ಹೊತ್ತುಕೊಂಡು ಹೋಗಿದ್ದೆ.

"ಯಾವಾಗ ಗೊತ್ತಾಯ್ತು?"

"ನಿನ್ನೆ ಬೆಳಿಗ್ಗೆ. ನಾಲ್ಕು ಸಲ ಫೋನ್ ಮಾಡಿದ್ದೆ."

ಜೇಬಿನಿಂದ ಫೋನು ತೆಗೆದು ನೋಡಿದರು. ಟೀ ಲೋಟವನ್ನು ವ್ಯಾನಿನ ಮೇಲಿಟ್ಟು, ಹಲಗೆಯನ್ನು ತಿರುಗಿಸಿ ಸ್ವಿಚ್ಚಿನ ಬೆನ್ನು ನೋಡಿದರು. ಬೈಯುತ್ತಿಲ್ಲವಲ್ಲ, ಹಾಗಾದರೆ ಕಳಿಸುತ್ತಾರೆ ಎಂದುಕೊಂಡೆ.

ಆಮೇಲೆ ಬೈದರು. ಅಬ್ಬಾ, ಏನು ಬೈಗುಳ! "ಅಕ್ಕಾ, ಮೂರು ಸಲ ನೋಡ್ಬೇಕು ಅಂತ ಬಡ್ಕೊಂಡಿದ್ದು ಯಾರಿಗೆ? ಗೋಡೆಗಾ? ಸ್ವಿಚ್ ಬೆನ್ನು ನೋಡ್ದೆ ವೈರ್ ಹಾಕೋದು ಅಂದ್ರೆ ಕಣ್ಣು ಕಟ್ಕೊಂಡು ಬಸ್ ಹತ್ತೋದು! ಆ ಅಜ್ಜಿ ಬಿದ್ದಿದ್ರೆ?" ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು. ಬೈಯುತ್ತಿದ್ದಾರೆ, ಅಂದರೆ ಕಳಿಸುವುದಿಲ್ಲ ಎಂದು ತಿಳಿದು ಒಳಗೊಳಗೇ ಕುಣಿಯುವ ಹಾಗಾಗಿತ್ತು.

ಆ ಮನೆಗೆ ಹೋದೆವು. ಮೇಸ್ತ್ರಿ ವ್ಯಾನಿನಿಂದ ಇಳಿಯಲಿಲ್ಲ. "ನಿಮ್ಮ ತಪ್ಪು, ನೀವೇ ಹೋಗಿ ಹೇಳಿ."

ಬಾಗಿಲು ತೆಗೆದ ಅಜ್ಜನಿಗೆ, "ನಾನು ನಿಮ್ಮ ಮೆಟ್ಟಿಲ ದೀಪವನ್ನ ತಪ್ಪಾಗಿ ಕಟ್ಟಿದ್ದೆ, ಸರಿ ಮಾಡೋಕೆ ಬಂದಿದ್ದೀನಿ" ಎಂದೆ.

"ತಪ್ಪಾ? ನಾವು ಹೊಸ ತರದ ಸ್ವಿಚ್ಚು ಹೀಗೇ ಇರುತ್ತೆ ಅಂದ್ಕೊಂಡ್ವಿ" ಎಂದರು ಅಜ್ಜ.

ಇಪ್ಪತ್ತು ದಿನದಲ್ಲಿ ಅವರಿಬ್ಬರೂ ಆ ತಪ್ಪಿಗೆ ಒಗ್ಗಿಹೋಗಿದ್ದರು. ಮೇಲಿನ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ "ಮುಟ್ಟಕೂಡದು" ಎಂದು ಬರೆದಿದ್ದರು. ಮೊದಲಿನ ಹಾಗೆಯೇ ಕೆಳಗಿನದೊಂದನ್ನೇ ಬಳಸುವುದು. ಅಜ್ಜಿ ಮೇಲೆ ತಲುಪಿದ ಮೇಲೆ "ಆರ್ಸಿ" ಎಂದು ಕೂಗುವುದು, ಅಜ್ಜ ಆರಿಸಿ ಬ್ಯಾಟರಿ ಹಿಡಿದು ಹತ್ತುವುದು. ಎರಡು ಸಲ ಅಜ್ಜ ಮರೆತು ಚೀಟಿಯ ಸ್ವಿಚ್ಚು ಮುಟ್ಟಿದ್ದರೆಂದೂ, ಆಗ ಜಗಳವಾಗಿ ಇಬ್ಬರೂ ಒಂದು ಹೊತ್ತು ಮಾತು ಬಿಟ್ಟಿದ್ದರೆಂದೂ ಅಜ್ಜಿ ದೂರು ಹೇಳಿದರು. ಹತ್ತೊಂಬತ್ತು ವರ್ಷದಲ್ಲಿ ನಾನು ಕೇಳಿದ ದೂರುಗಳಲ್ಲೆಲ್ಲ ಇದೇ ಚೆನ್ನಾಗಿತ್ತು. ಯಾಕೆಂದರೆ ಇದಕ್ಕೆ ಮದ್ದು ನನ್ನ ಜೇಬಿನಲ್ಲೇ ಇತ್ತು.

ಮೇನ್ ಆಫ್ ಮಾಡಿ, ಮೂರು ಸಲ ಟೆಸ್ಟರ್ ಇಟ್ಟು, ಎರಡೂ ಸ್ವಿಚ್ಚು ಬಿಚ್ಚಿದೆ. ಬಾಣದ ಗುರುತು ನೋಡಿ ವೈರು ಬದಲಾಯಿಸಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಆಮೇಲೆ ಅಜ್ಜನನ್ನು ಕೆಳಗೆ, ಅಜ್ಜಿಯನ್ನು ಮೇಲೆ ನಿಲ್ಲಿಸಿ, ಹೇಗೆ ಬೇಕಾದರೂ ಒತ್ತಿ, ಮನಸ್ಸಿಗೆ ಬಂದ ಹಾಗೆ ಒತ್ತಿ ಎಂದೆ. ಒತ್ತಿದರು. ಹತ್ತಬೇಕಾದಾಗೆಲ್ಲ ಹತ್ತಿತು. ಆಮೇಲೆ ಇಬ್ಬರೂ ನಿಲ್ಲಿಸಲೇ ಇಲ್ಲ. ಅಜ್ಜ ಹಾಕುತ್ತಾರೆ, ಅಜ್ಜಿ ಆರಿಸುತ್ತಾರೆ, "ಏಯ್, ಸುಮ್ನಿರ್ರೀ" ಎಂದು ಮೇಲಿನಿಂದ ನಗು. ನಾನು ಮೆಟ್ಟಿಲ ನಡುವೆ ನಿಂತು, ತಲೆಯ ಮೇಲೆ ದೀಪ ಹತ್ತಿ ಆರುವುದನ್ನು ನೋಡುತ್ತ, ಸಂತೋಷವನ್ನು ಎಲ್ಲಿಡಲಿ ಎಂದು ತಿಳಿಯದೆ ಅತ್ತುಬಿಟ್ಟೆ.

ಅಜ್ಜಿ ಇಳಿದು ಬಂದು, "ನಾವು ಕರೆದೇ ಇರ್ಲಿಲ್ಲ, ನೀನಾಗೇ ಬಂದ್ಯಲ್ಲಮ್ಮಾ" ಎಂದರು. ಚೀಟಿಯನ್ನು ನಾನೇ ಕಿತ್ತು ಬಂದೆ.

ವ್ಯಾನು ಓಡಿಸುತ್ತ ಮೇಸ್ತ್ರಿ, ಮೂರನೇ ತಿರುವಿನಲ್ಲಿ, ರಸ್ತೆಯ ಮೇಲೇ ಕಣ್ಣಿಟ್ಟು, "ಅವತ್ತು ನಾನೂ ನೋಡಿದ್ದೆ. ಒಂದೇ ಸಲ ಒತ್ತಿ ಆಯ್ತು ಅಂದೆ" ಎಂದರು. ಗೇರು ಬದಲಾಯಿಸಿ, "ನಂಗೆ ಬೈಯೋರು ಯಾರೂ ಇಲ್ಲ" ಎಂದರು.

"ನಾನು ಬೈಲಾ?" ಎಂದೆ.

ಅವರು ನಕ್ಕದ್ದನ್ನು ಇವತ್ತೇ ಮೊದಲು ನೋಡಿದ್ದು.

ಆಗಸ್ಟ್ 13, ಮಂಗಳವಾರ

ಶಾಲೆಯೊಂದರಲ್ಲಿ ಮೂವತ್ತೆರಡು ಫ್ಯಾನು ಇಳಿಸಿದೆವು. ಧೂಳು ಕುಡಿದು ಕುಡಿದು ಮೂಗು ಕರ್ರಗಾಗಿದೆ. ಮೇಸ್ತ್ರಿ ಎರಡು ಸಲ ಬೈದರು, ಒಂದು ಸಲ ನಾನು ತಿರುಗಿ ವಾದಿಸಿದೆ, ನನ್ನದೇ ಸರಿಯಿತ್ತು.

ಅಂದ ಹಾಗೆ, ನಿನ್ನೆ ಮೆಟ್ಟಿಲ ಮನೆಯಲ್ಲಿದ್ದಾಗ ಆಫೀಸಿನಿಂದ ಫೋನು ಬಂದಿತ್ತು. ಕೈಯಲ್ಲಿ ವೈರಿತ್ತು, ಎತ್ತಲಿಲ್ಲ. ಆಮೇಲೆ ಮರೆತೇಹೋಯಿತು. ಇವತ್ತು ಊಟದ ಹೊತ್ತಿಗೆ ನೆನಪಾಗಿ ನಾನೇ ಮಾಡಿ, ಬರುವುದಿಲ್ಲ ಎಂದೆ. ಇಷ್ಟು ತಡವಾಗಿ ಹೇಳಿದರೆ ಅವರಿಗೆ ತುಂಬಾ ಅನಾನುಕೂಲವಾಗುತ್ತದಂತೆ. ಹೌದಾ ಎಂದೆ.

ಆಗಸ್ಟ್ 31, ಶನಿವಾರ

ಬೆಳಿಗ್ಗೆಯಿಂದ ಮೇಸ್ತ್ರಿ ಫಾರಮ್ಮಿನ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಮಧ್ಯಾಹ್ನದವರೆಗೆ ಒಂದೇ ಡಬ್ಬಿಯ ಸ್ಕ್ರೂಗಳನ್ನು ಮೂರು ಸಲ ಬಿಗಿದೆ. ಸಂಜೆ ಸಾಮಾನು ತುಂಬಿದ ಮೇಲೆ, ವ್ಯಾನಿನ ಬಾಗಿಲು ಹಾಕುತ್ತ ಒಂದು ಕವರು ಕೊಟ್ಟರು. "ಮನೇಲಿ ನೋಡಿ. ಇಲ್ಲಿ ಅಳಬೇಡಿ, ಗಾಡಿ ತೆಗೀಬೇಕು" ಎಂದರು.

ನಾನು ಮನೆಯವರೆಗೆ ಕಾಯುವವಳೇ? ಬಸ್ ನಿಲ್ದಾಣದಲ್ಲೇ ಒಡೆದೆ. ಎಲ್ಲ ಖಾನೆಗಳನ್ನೂ ತುಂಬಿ ಸಹಿ ಹಾಕಿದ್ದರು. "ಕೆಲಸದಲ್ಲಿ ಕಂಡ ದೋಷಗಳು" ಎಂಬಲ್ಲಿ ಅವರ ಗುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: "ಒಂದು. ಯಾರೂ ದೂರು ಕೊಡದಿದ್ದರೂ ತಾವೇ ಕಂಡುಹಿಡಿದು, ತಾವೇ ಬಂದು ಹೇಳಿ, ತಾವೇ ಸರಿಪಡಿಸಿದರು. ಪರೀಕ್ಷಿಸಿದ ನನಗೆ ಅದು ಕಂಡಿರಲಿಲ್ಲ. ಎರಡು ವರ್ಷದ ಕಲಿಕೆಗೆ ತೆಗೆದುಕೊಂಡಿದ್ದೇನೆ."

ಬಸ್ಸು ಬಂತು, ಹೋಯಿತು. ಮುಂದಿನದಕ್ಕೆ ಹತ್ತಿದೆ.

ಮನೆಯಲ್ಲಿ ಇವರು ಓದಿ, ನನ್ನ ಪ್ಯಾಂಟಿನಲ್ಲಿ ಬಿಟ್ಟುಹೋಗಿದ್ದ ಹೊಲಿಗೆಯೊಂದನ್ನು ಹುಡುಕತೊಡಗಿದರು. ಬಿಟ್ಟುಹೋಗಿದ್ದ ಹೊಲಿಗೆ ಯಾವುದೂ ಇರಲಿಲ್ಲ. ಅತ್ತೆ ಫಾರಮ್ಮನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಜೋರಾಗಿ ಓದಿದರು. "ದೋಷಗಳು, ಒಂದು" ಎಂಬಲ್ಲಿಗೆ ಬಂದಾಗ ನಿಲ್ಲಿಸಿ, "ಒಂದೇನಾ? ನನ್ನ ಕೇಳಿದ್ರೆ ಇನ್ನೊಂದು ಹಾಳೆ ಅಂಟಿಸ್ಬೇಕಾಗ್ತಿತ್ತು" ಎಂದರು. ಕಣ್ಣು ಒರೆಸಿಕೊಂಡು ಮುಂದೆ ಓದಿದರು. ಐದನೇ ಮಾತಿಗೆ ಮತ್ತೆ ನಿಂತರು. ಈ ಸಲ ಮುಖ ಕೆಂಪಗಾಯಿತು.

"ತಾವೇ ಕಂಡುಹಿಡಿದು? ಯಾರು, ನೀನಾ?"

"ಅದು ಅತ್ತೆ, ಮೇಸ್ತ್ರಿಗೆ ಗೊತ್ತಿರ್ಲಿಲ್ಲ..."

"ಕಂಡುಹಿಡಿದದ್ದು ನಾನು! ಈ ಮೇಜಿನ ಮುಂದೆ, ಈ ಬೆರಳಲ್ಲಿ! ಹೋಗಿ ನಿಮ್ಮ ಮೇಸ್ತ್ರಿಗೆ ಹೇಳು, ಫಾರಂ ತಪ್ಪು ಬರೆದಿದ್ದಾರೆ ಅಂತ. ಅಥ್ವಾ ಬೇಡ ಬಿಡು, ಸೋಮವಾರ ನಾನೇ ಬರ್ತೀನಿ."

ತಮಾಷೆ ಎಂದುಕೊಂಡೆವು. ಈಗ ನೋಡಿದರೆ ಕೋಣೆಯಲ್ಲಿ ಕೂತು, ಹೊರಗೆ ಹೋಗುವ ಚಪ್ಪಲಿಯನ್ನು ಒರೆಸಿಡುತ್ತಿದ್ದಾರೆ. ವ್ಯಾನು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಎರಡು ಸಲ ಕೇಳಿದರು.